ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲು

ನಮ್ಮ ಮನೆಗಳಲ್ಲಿ ಈಚೆಗೆ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತಿದೆ. ಗಲ್ಫ್‌ನಲ್ಲಿ ನಾಲ್ಕೈದು ವರ್ಷ ದುಡಿದು ಊರಿಗೆ ಬಂದವನು, ಬಿ.ಕಾಂ. ಮುಗಿಸಿ ಮಾವನ ಅಂಗಡಿಯ ಗಲ್ಲಾದಲ್ಲಿ ಕೂತವನು, ಪಿಯುಸಿ ಆದ ಮೇಲೆ ಮೊಬೈಲ್ ರಿಪೇರಿ ಕಲಿತವನು, ಒಂದು ರಾತ್ರಿ ಊಟ ಮುಗಿಸಿ ಬಾಪನ ಹತ್ತಿರ ಬಂದು, "ನಾನು ಸಾಫ್ಟ್‌ವೇರ್ ಲೈನಿಗೆ ಹೋಗ್ತೇನೆ" ಅನ್ನುತ್ತಾನೆ. ಬಾಪನಿಗೆ ಆ ಲೈನ್ ಗೊತ್ತಿಲ್ಲ. ಅವರು ಕೇಳುವುದು ಒಂದೇ: "ಎಷ್ಟು ಖರ್ಚಾಗ್ತದೆ?" ಹುಡುಗ ಮೊಬೈಲ್‌ನಲ್ಲಿ ಒಂದು ಜಾಹೀರಾತು ತೋರಿಸುತ್ತಾನೆ. ಆರು ತಿಂಗಳ ಕೋರ್ಸ್, ಕೊನೆಗೆ ಸರ್ಟಿಫಿಕೇಟ್, ಕೆಲಸ ಗ್ಯಾರಂಟಿ. ಮುಂದಿನ ವಾರ ಉಮ್ಮನ ಎರಡು ಬಳೆ ಬ್ಯಾಂಕಿಗೆ ಹೋಗುತ್ತವೆ.

ಹುಡುಗನ ಆಸೆಯಲ್ಲಿ ತಪ್ಪಿಲ್ಲ. ಮಗನಿಗಾಗಿ ಬಳೆ ಅಡವಿಟ್ಟ ಉಮ್ಮನದ್ದೂ ತಪ್ಪಿಲ್ಲ. ಆದರೆ ಆ ರಾತ್ರಿ ಕೇಳಲೇಬೇಕಾಗಿದ್ದ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ: "ಇಲ್ಲಿವರೆಗೆ ನೀನು ಎಂತ ಮಾಡಿದ್ದಿ? ಸ್ವಲ್ಪ ತೋರಿಸು." ಈ ವಾರ ಈ ಪುಟದಲ್ಲಿ ಹೇಳಲು ಹೊರಟಿರುವುದು ಇಷ್ಟೇ. ಬೇರೆ ಕೆಲಸದಿಂದ ಸಾಫ್ಟ್‌ವೇರ್‌ಗೆ ದಾಟುವವನ ಕೈಯಲ್ಲಿ ಸರ್ಟಿಫಿಕೇಟ್‌ಗಿಂತ ಮೊದಲು ಬೇಕಾದದ್ದು, ತಾನೇ ಕಟ್ಟಿದ, ಯಾರಾದರೂ ಒಬ್ಬರು ನಿಜವಾಗಿ ಬಳಸುವ ಒಂದು ಚಿಕ್ಕ ಕೆಲಸ.

ನಾನು ಇದನ್ನು ಬರೆಯುತ್ತಿರುವುದು ಘಟ್ಟದ ಮೇಲಿನ ಚಳ್ಳಕೆರೆಯಿಂದ. ಇಲ್ಲಿ, ಪಕ್ಕದ ಮೊಳಕಾಲ್ಮೂರಿನಲ್ಲಿ, ವ್ಯಾಪಾರಕ್ಕೆಂದು, ಕೆಲಸಕ್ಕೆಂದು ಬಂದು ನಿಂತ ನಮ್ಮವರ ಮಕ್ಕಳು ಕೇಳುವುದೂ ಇದೇ ಪ್ರಶ್ನೆ. ಮಂಗಳೂರಿನಲ್ಲಾದರೆ ಕಂಪೆನಿಗಳುಂಟು, ಇಂಜಿನಿಯರಿಂಗ್ ಕಾಲೇಜುಗಳುಂಟು. ಉಡುಪಿಯಲ್ಲಿ ರೋಬೋಸಾಫ್ಟ್ ಶುರುವಾಗಿದ್ದು 1996ರಲ್ಲೇ. ಆದರೆ ಈ ಬಯಲುಸೀಮೆಯಲ್ಲಿ ಕೂತು ಆ ಕೆಲಸಕ್ಕೆ ಹೋಗ್ಲಿಕ್ಕೆ ಆಗ್ತದಾ ಅಂತ ಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ಚಳ್ಳಕೆರೆಗೆ ಈಗ ಎರಡು ಹೆಸರು. ಹಳೆಯದು ಎಣ್ಣೆಯ ಊರು. ನಾವು ಕರಾವಳಿಯವರು ನೆಲಕಡಲೆ ಅನ್ನುವ ಶೇಂಗಾದಿಂದ, ಎಣ್ಣೆ ಮಿಲ್ಲುಗಳಿಂದ ಬಂದ ಹೆಸರು. ಹೊಸದು ವಿಜ್ಞಾನ ನಗರಿ. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಡಿಆರ್‌ಡಿಒಗೆ 4,290 ಎಕರೆ, ಬಾಬಾ ಅಣು ಸಂಶೋಧನಾ ಕೇಂದ್ರ ಅಂದರೆ ಬಾರ್ಕ್‌ಗೆ 1,810 ಎಕರೆ, ಇಸ್ರೋಗೆ 573 ಎಕರೆ ಕಾವಲು ಭೂಮಿ ಕೊಟ್ಟಿದ್ದಾರೆ. 2017ರಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ಆದರೆ ದೊಡ್ಡ ಸಂಸ್ಥೆ ಊರ ಪಕ್ಕಕ್ಕೆ ಬಂದ ಮಾತ್ರಕ್ಕೆ ಪಕ್ಕದ ಮನೆಯ ಹುಡುಗನಿಗೆ ಕೆಲಸ ಬರುವುದಿಲ್ಲ. ಬೆಂಗಳೂರಿನಲ್ಲಿ ಸಾವಿರ ಕಂಪೆನಿ ಇದ್ದರೂ ಅದೇ ಕಥೆ. ಬಾಗಿಲು ಎಲ್ಲಿದೆ ಅನ್ನುವುದಕ್ಕಿಂತ ಒಳಗೆ ಹೋದಾಗ ಎಂತ ತೋರಿಸುತ್ತೀ ಅನ್ನುವುದೇ ಮುಖ್ಯ.

ಬಿರಿಯಾನಿಯವರಿಗೆ ಕೇಳುವ ಪ್ರಶ್ನೆ

ಸಾಫ್ಟ್‌ವೇರ್‌ನವರು ಇದಕ್ಕೆ ಪೋರ್ಟ್‌ಫೋಲಿಯೊ ಅನ್ನುತ್ತಾರೆ. ದೊಡ್ಡ ಶಬ್ದ ಅಂತ ಹೆದರುವುದು ಬೇಡ. ಮಾಡಿದ ಕೆಲಸಗಳನ್ನು ಒಂದು ಕಡೆ ಜೋಡಿಸಿ ಇಟ್ಟದ್ದು, ಅಷ್ಟೇ. ಇದು ನಮಗೆ ಹೊಸದೂ ಅಲ್ಲ. ಮದುವೆಗೆ ಬಿರಿಯಾನಿಯವರನ್ನು ಗೊತ್ತು ಮಾಡುವಾಗ ನಾವು ಸರ್ಟಿಫಿಕೇಟ್ ಕೇಳ್ತೇವಾ? "ಕಳೆದ ತಿಂಗಳು ಯಾರ ಮದುವೆಗೆ ಮಾಡಿದ್ರಿ?" ಅಂತ ಕೇಳುತ್ತೇವೆ. ಆ ಮನೆಯವರಿಗೆ ಫೋನ್ ಮಾಡಿ, "ಅಕ್ಕಿ ಬೆಂದಿತ್ತಾ, ಹೊತ್ತಿಗೆ ಸರಿಯಾಗಿ ಬಡಿಸಿದ್ರಾ?" ಅಂತ ವಿಚಾರಿಸುತ್ತೇವೆ. ಮೆಹಂದಿ ಹಾಕುವ ಹೆಣ್ಣುಮಗಳು ಮೊಬೈಲ್‌ನಲ್ಲಿ ತಾನು ಹಾಕಿದ ಕೈಗಳ ಫೋಟೊ ತೋರಿಸುತ್ತಾಳೆ. ಬಡಗಿ ತಾನು ಮಾಡಿದ ಬಾಗಿಲಿನ ಮುಂದೆಯೇ ನಮ್ಮನ್ನು ಕರಕೊಂಡು ಹೋಗಿ ನಿಲ್ಲಿಸುತ್ತಾನೆ.

ಸಾಫ್ಟ್‌ವೇರ್ ಕೆಲಸಕ್ಕೆ ಆಳು ಹುಡುಕುವವರೂ ಹಾಗೆಯೇ. ಬೇರೆ ಕೆಲಸದಲ್ಲಿದ್ದು ಈ ಕಡೆ ಬರುವವನ ಹತ್ತಿರ ಇಂಜಿನಿಯರಿಂಗ್ ಪದವಿ ಇಲ್ಲ, ಅನುಭವವೂ ಇಲ್ಲ. ಆರು ತಿಂಗಳ ಕೋರ್ಸ್‌ನ ಕಾಗದ ಅವನ ಹತ್ತಿರ ಇರುವಂತೆ ಇನ್ನೂ ಸಾವಿರ ಜನರ ಹತ್ತಿರ ಉಂಟು. ಹಾಗಾದರೆ ಅವನನ್ನು ನಂಬುವುದು ಹೇಗೆ? ಅವನು ಕಟ್ಟಿದ್ದನ್ನು ತೆರೆದು ನೋಡಬೇಕು. ಅದು ಓಡ್ತದಾ, ತಪ್ಪು ಅಂಕಿ ಹಾಕಿದರೆ ಎಂತ ಆಗ್ತದೆ, ಒಳಗಿನ ಕೋಡ್ ಬೇರೆಯವರು ಓದುವ ಹಾಗೆ ಇದೆಯಾ ಅಂತ ಪರೀಕ್ಷಿಸಬೇಕು.

ಮೊಳಕಾಲ್ಮೂರಿನ ಕಲ್ಲು, ಮೊಳಕಾಲ್ಮೂರಿನ ಸೀರೆ

ಮಾಡಿದ ಕೆಲಸಕ್ಕೆ ತನ್ನ ಹೆಸರು ಹಾಕುವ ರೂಢಿ ಈ ನೆಲದಲ್ಲಿ ಎಷ್ಟು ಹಳೆಯದು ನೋಡಿ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಪತ್ತೆ ಮಾಡಿದರು. ಶಾಸನ ಸಾಮ್ರಾಟನದ್ದು. ಆದರೆ ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದ್ದರೂ ತಾನು ಲಿಪಿಕಾರ ಅಂತ ಹೇಳುವ ಆ ಒಂದು ಶಬ್ದವನ್ನು ಅವನು ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ನಮ್ಮ ಅರಬಿಯ ಹಾಗೆ ಬಲದಿಂದ ಎಡಕ್ಕೆ ಬರೆಯುವ, ದೂರದ ವಾಯವ್ಯ ಗಡಿಯ ಲಿಪಿ ಅದು. ಈ ಊರಿನವರಿಗೆ ಅದನ್ನು ಓದಲು ಬರುತ್ತಿತ್ತೋ ಇಲ್ಲವೋ, ಚಪಡನಿಗೆ ಎರಡು ಲಿಪಿ ಬರುತ್ತಿತ್ತು ಅನ್ನುವುದಕ್ಕೆ ಇವತ್ತಿಗೂ ಬೇರೆ ಸಾಕ್ಷಿ ಬೇಡ. ಕಲ್ಲೇ ಸಾಕ್ಷಿ. ಇನ್ನೊಂದು ವಿಷಯ: ಪ್ರಯತ್ನಪಟ್ಟರೆ ದೊಡ್ಡವರಿಗೆ ಸಿಗುವ ಫಲ ಚಿಕ್ಕವರಿಗೂ ಸಿಗುತ್ತದೆ ಅನ್ನುವ ಅರ್ಥದ ಮಾತೂ ಅದೇ ಶಾಸನದಲ್ಲಿದೆ.

ಅದೇ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಯಾಕೆ ಬೇಕು ಅಂಥ ಗುರುತು? ಎಲ್ಲೋ ಯಂತ್ರದಲ್ಲಿ ನೇಯ್ದ ಸೀರೆಗೆ ಮೊಳಕಾಲ್ಮೂರಿನ ಹೆಸರು ಹಚ್ಚಿ ಮಾರಿದರೆ, ಕೈಮಗ್ಗದ ಮುಂದೆ ದಿನಗಟ್ಟಲೆ ಕೂತವನ ಹೊಟ್ಟೆಗೆ ಹೊಡೆತ. ನಮ್ಮ ಹುಡುಗರ ಪ್ರಾಜೆಕ್ಟ್‌ಗಳಲ್ಲೂ ಇದೇ ಎರಡು ಬಗೆ. ಯೂಟ್ಯೂಬ್ ನೋಡಿಕೊಂಡು ಅಕ್ಷರಕ್ಕೆ ಅಕ್ಷರ ಇಳಿಸಿ, ಕೊನೆಗೆ ತನ್ನ ಹೆಸರು ಹಚ್ಚಿದ್ದು ಒಂದು. ಮೊದಲ ಎಳೆಯಿಂದ ತಾನೇ ನೇಯ್ದದ್ದು ಇನ್ನೊಂದು. ಸೀರೆ ಗೊತ್ತಿದ್ದವರು ಸೆರಗು ಮಗುಚಿ ಹಿಂಬದಿ ನೋಡುತ್ತಾರಲ್ಲ, ಸಂದರ್ಶನ ಮಾಡುವವರೂ ಹಾಗೆಯೇ ಮಗುಚಿ ನೋಡುತ್ತಾರೆ.

ಮೊದಲು ಕೆಲಸ, ಆಮೇಲೆ ರಾಜೀನಾಮೆ

ಬೇರೆ ಓದಿನಿಂದ ಕಂಪ್ಯೂಟರಿಗೆ ಬಂದವರು ನಮ್ಮ ಕರಾವಳಿಯಲ್ಲೇ ಇದ್ದಾರೆ. ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಓದಿದ್ದು ರಸಾಯನ ವಿಜ್ಞಾನ. ಮುದ್ರಣದ ಅಕ್ಷರಗಳ ಕೆಲಸ ಮಾಡುತ್ತಾ, ಕನ್ನಡವನ್ನು ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲೇ ಸುಲಭವಾಗಿ ಬೆರಳಚ್ಚು ಮಾಡುವ ವಿನ್ಯಾಸ ರೂಪಿಸಿದರು. 'ನುಡಿ' ತಂತ್ರಾಂಶದಲ್ಲಿ ಇರುವುದು ಅದೇ ವಿನ್ಯಾಸ. ಸರ್ಕಾರಿ ಕಚೇರಿಯ ಗುಮಾಸ್ತರ ಬೆರಳು ಓಡುವುದು ಅದರ ಮೇಲೆ.

ಇನ್ನೊಬ್ಬರು ದಕ್ಷಿಣ ಕನ್ನಡ ಮೂಲದ ಡಾ. ಯು.ಬಿ. ಪವನಜ. ರಸಾಯನ ವಿಜ್ಞಾನದಲ್ಲಿ ಪಿಎಚ್.ಡಿ., ಮುಂಬೈಯ ಬಾರ್ಕ್‌ನಲ್ಲಿ ವಿಜ್ಞಾನಿ. ಇವತ್ತು ಚಳ್ಳಕೆರೆಯ ಕಾವಲಿನಲ್ಲಿ ಜಾಗ ಪಡೆದಿರುವ ಅದೇ ಬಾರ್ಕ್. ಅಲ್ಲಿ ಕೆಲಸದಲ್ಲಿದ್ದಾಗಲೇ 1996ರಲ್ಲಿ ಅವರು 'ವಿಶ್ವಕನ್ನಡ' ಜಾಲತಾಣ ಶುರು ಮಾಡಿದರು. ಕನ್ನಡದ ಮೊದಲ ಜಾಲತಾಣ ಅಂತ ಅದಕ್ಕೆ ಹೆಸರು. ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪೂರ್ತಿಯಾಗಿ ಕನ್ನಡ ಕಂಪ್ಯೂಟಿಂಗ್‌ಗೆ ಬಂದದ್ದು 1997ರಲ್ಲಿ. ಈ ಎರಡು ಇಸವಿಗಳ ಕ್ರಮವನ್ನು ನಮ್ಮ ಹುಡುಗರು ಗಮನಿಸಬೇಕು. ಕಟ್ಟಿ ತೋರಿಸಿದ್ದು ಮೊದಲು, ಸಂಬಳ ಬಿಟ್ಟದ್ದು ಆಮೇಲೆ. ನಮ್ಮಲ್ಲಿ ಉಲ್ಟಾ ಆಗುತ್ತದೆ. ಇದ್ದ ಕೆಲಸ ಬಿಟ್ಟು, ಬೆಂಗಳೂರಿನ ಪಿಜಿಯಲ್ಲಿ ರೂಮು ಹಿಡಿದು, ಆಮೇಲೆ ಕಲಿಯಲು ಶುರು ಮಾಡುತ್ತಾರೆ. ನಾಲ್ಕನೇ ತಿಂಗಳಿಗೆ ಬಾಡಿಗೆಗೆ ದುಡ್ಡಿಲ್ಲ. ಐದನೇ ತಿಂಗಳಿಗೆ ಡೆಲಿವರಿ ಬ್ಯಾಗ್ ಹೆಗಲಿಗೆ ಬರುತ್ತದೆ.

ಇವರಿಬ್ಬರೂ ಚೆನ್ನಾಗಿ ಓದಿದವರು, ಕಾಲವೂ ಬೇರೆ ಅಂತ ಯಾರಾದರೂ ಹೇಳಬಹುದು. ಸರಿ. ಹಾಗಾದರೆ ಅಮೆರಿಕದ ಕ್ವಿನ್ಸಿ ಲಾರ್ಸನ್ ಅವರನ್ನು ನೋಡಿ. ಶಾಲೆ ನಡೆಸುತ್ತಿದ್ದ ಮನುಷ್ಯ. ಕೋಡ್ ಕಲಿತದ್ದು ಮೂವತ್ತು ದಾಟಿದ ಮೇಲೆ. 2014ರಲ್ಲಿ 'ಫ್ರೀಕೋಡ್‌ಕ್ಯಾಂಪ್' ಅನ್ನುವ ಉಚಿತ ಕಲಿಕೆಯ ತಾಣ ಶುರು ಮಾಡಿದರು. ಪಾಠ ಓದಿದ ಮಾತ್ರಕ್ಕೆ ಅಲ್ಲಿ ಸರ್ಟಿಫಿಕೇಟ್ ಇಲ್ಲ, ಪ್ರಾಜೆಕ್ಟ್ ಮಾಡಿ ಒಪ್ಪಿಸಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ 'ಸಿಎಸ್50' ಪಾಠವೂ ಆನ್‌ಲೈನ್‌ನಲ್ಲಿ ಉಚಿತ, ಅದರ ಕೊನೆಯಲ್ಲೂ ಒಂದು ಸ್ವಂತ ಪ್ರಾಜೆಕ್ಟ್. ಇಂಗ್ಲಿಷ್ ಕಷ್ಟ ಅನ್ನುವವರಿಗೆ ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್'ನಲ್ಲಿ ಕನ್ನಡ ಧ್ವನಿಯಲ್ಲೇ ಪಾಠಗಳಿವೆ. ಬಳೆ ಅಡವಿಡದೆ ಕಲಿಯಲು ಇಷ್ಟು ದಾರಿ ಉಂಟು.

ಒಂದು ಉದ್ರಿ ಪುಸ್ತಕ

ಹಾಗಾದರೆ ಎಂತ ಕಟ್ಟುವುದು? ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಹವಾಮಾನ ತೋರಿಸುವ ಆ್ಯಪ್, ಮಾಡಬೇಕಾದ ಕೆಲಸಗಳ ಪಟ್ಟಿ, ನೆಟ್‌ಫ್ಲಿಕ್ಸ್ ಮುಖಪುಟದ ನಕಲು ಇವೆಲ್ಲ ಕಲಿಯಲು ಒಳ್ಳೆಯದೇ. ಮದ್ರಸದಲ್ಲಿ ಮೊದಲು ಅಲಿಫ್ ತಿದ್ದಿಸುವ ಹಾಗೆ. ಆದರೆ ಅಲಿಫ್ ತಿದ್ದಿದ ಸ್ಲೇಟನ್ನು ಹಿಡಕೊಂಡು ಕೆಲಸ ಕೇಳಲು ಹೋಗುವುದಿಲ್ಲವಲ್ಲ.

ನಿಮ್ಮ ಬೀದಿಯ ಒಂದು ಕಷ್ಟವನ್ನು ಹುಡುಕಿ. ಚಳ್ಳಕೆರೆಯ ಒಂದು ದಿನಸಿ ಅಂಗಡಿ ಅಂದುಕೊಳ್ಳಿ. ಸುತ್ತಲಿನ ಹಳ್ಳಿಯವರು ಎಣ್ಣೆ, ಸಕ್ಕರೆ, ಸೋಪು ಉದ್ರಿ ತಗೊಂಡು ಹೋಗುತ್ತಾರೆ, "ಶೇಂಗಾ ಮಾರಿದ ಮೇಲೆ ಕೊಡ್ತೀನಿ" ಅನ್ನುತ್ತಾರೆ. ಎಲ್ಲ ಒಂದು ಕೆಂಪು ಪುಸ್ತಕದಲ್ಲಿ. ಪುಸ್ತಕ ಒದ್ದೆಯಾದರೆ ಲೆಕ್ಕ ಹೋಯಿತು. ಬರೆದವನು ರಜೆ ಹಾಕಿದರೆ ಅವನ ಕೈಬರಹ ಯಾರಿಗೂ ಓದಲು ಬರುವುದಿಲ್ಲ. ಇದನ್ನು ಮೊಬೈಲ್‌ನಲ್ಲಿ ಮಾಡಿಕೊಡುತ್ತೇನೆ ಅಂತ ಒಬ್ಬ ಹುಡುಗ ಕೂತರೆ ಅವನು ಎಂತೆಲ್ಲ ಕಲಿಯಬೇಕಾಗುತ್ತದೆ ನೋಡಿ.

ಮೊದಲನೆಯದು ದುಡ್ಡಿನ ಲೆಕ್ಕ. ಕಂಪ್ಯೂಟರ್ ಲೆಕ್ಕ ತಪ್ಪುವುದಿಲ್ಲ ಅಂತ ನಮ್ಮ ನಂಬಿಕೆ. ಆದರೆ ಜಾವಾಸ್ಕ್ರಿಪ್ಟ್‌ನಲ್ಲೋ ಪೈಥಾನ್‌ನಲ್ಲೋ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಅಂತ ಬರುತ್ತದೆ. ದಶಾಂಶಗಳನ್ನು ಯಂತ್ರ ಎರಡರ ಲೆಕ್ಕದಲ್ಲಿ ಇಟ್ಟುಕೊಳ್ಳುವುದರಿಂದ ಹೀಗಾಗುತ್ತದೆ. ಆದ್ದರಿಂದ ರೂಪಾಯಿಯನ್ನು ಪೈಸೆ ಮಾಡಿ ಪೂರ್ಣಾಂಕದಲ್ಲಿ ಇಡಬೇಕು. ಇದು ಗೊತ್ತಿರುವವನು ದುಡ್ಡಿನ ಲೆಕ್ಕದ ಮೇಲೆ ಕೈಯಿಟ್ಟು ಕೆಲಸ ಮಾಡಿದ್ದಾನೆ ಅಂತ ಕೇಳುವವರಿಗೆ ತಿಳಿಯುತ್ತದೆ.

ಎರಡನೆಯದು ಹೆಸರು. ನಮ್ಮಲ್ಲಿ ಒಬ್ಬನೇ ಮನುಷ್ಯ ರೇಷನ್ ಕಾರ್ಡ್‌ನಲ್ಲಿ ಮಹಮ್ಮದ್, ಆಧಾರ್‌ನಲ್ಲಿ ಮೊಹಮ್ಮದ್, ಮದುವೆ ಕಾಗದದಲ್ಲಿ ಮುಹಮ್ಮದ್. ಅಂಗಡಿಯವರು ಒಂದು ರೀತಿ ಬರೆದು ಇನ್ನೊಂದು ರೀತಿ ಹುಡುಕಿದರೆ ಸಿಗಬೇಕಲ್ವಾ? ಅಬ್ದುಲ್ಲ ಅಂತ ಒತ್ತಿದರೆ ಅಬ್ದುಲ್ಲಾನೂ ಬರಬೇಕಲ್ವಾ? ಬೆಂಗಳೂರಿನ ಕೋರ್ಸ್‌ನಲ್ಲಿ ಈ ಪ್ರಶ್ನೆ ಬರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ದಿನಾ ಬರುತ್ತದೆ. ಇದನ್ನು ಬಿಡಿಸಿದವನಿಗೆ ಸಂದರ್ಶನದಲ್ಲಿ ಹೇಳಲು ತನ್ನದೇ ಒಂದು ಮಾತಿರುತ್ತದೆ.

ಮೂರನೆಯದು ಕರೆಂಟು ಮತ್ತು ನೆಟ್‌ವರ್ಕ್. ಇಲ್ಲಿ ಎರಡೂ ಹೇಳದೆ ಹೋಗುತ್ತವೆ. ನೆಟ್ ಇಲ್ಲದಾಗಲೂ ಬರೆದುಕೊಂಡು, ಬಂದ ಮೇಲೆ ಜೋಡಿಸಬೇಕು. ಬರೆದದ್ದನ್ನು ತಪ್ಪಿ ಅಳಿಸಿದರೆ ಮರಳಿ ತರುವ ದಾರಿ ಬೇಕು. ಅಂಗಡಿಯ ಹುಡುಗನಿಗೆ ಬರೆಯಲು ಮಾತ್ರ ಅವಕಾಶ, ಅಳಿಸಲು ಯಜಮಾನರಿಗೆ ಮಾತ್ರ. ಹೀಗೆ ಒಂದೊಂದು ಬೇಡಿಕೆಯ ಹಿಂದೆ ಒಂದೊಂದು ಪಾಠ ಇದೆ.

ನಾಲ್ಕನೆಯದು ಅಮಾನತ್ತು. ಯಾರು ಎಷ್ಟು ಉದ್ರಿ ಇಟ್ಟಿದ್ದಾರೆ ಅನ್ನುವುದು ಅವರ ಮಾನದ ವಿಷಯ. ಕೆಲಸ ತೋರಿಸುವ ಉತ್ಸಾಹದಲ್ಲಿ ನಿಜವಾದ ಗಿರಾಕಿಗಳ ಹೆಸರು, ಫೋನ್ ನಂಬರ್ ಇಂಟರ್‌ನೆಟ್‌ಗೆ ಹಾಕಬಾರದು. ತೋರಿಸಲು ಕಲ್ಪಿತ ಹೆಸರುಗಳ ಬೇರೆ ಪ್ರತಿ ಇಡಬೇಕು. 2023ರಲ್ಲಿ ದೇಶದಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆಂದೇ ಕಾನೂನು ಬಂದಿದೆ. ಕಾನೂನು ಇಲ್ಲದಿದ್ದರೂ ಇನ್ನೊಬ್ಬರ ಗುಟ್ಟು ಕಾಯುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಉದ್ರಿ ಪುಸ್ತಕ ಒಂದು ಉದಾಹರಣೆ ಮಾತ್ರ. ಇನ್ನೊಂದು ದಾರಿ ನಮ್ಮ ಭಾಷೆಯದ್ದು. ವಿ. ಕೃಷ್ಣ ಅನ್ನುವವರು ಸುಮಾರು ನಾಲ್ಕು ದಶಕ ಕೂತು ಕನ್ನಡ-ಇಂಗ್ಲಿಷ್ ಪದಕೋಶ ಕಟ್ಟಿದರು, ಒಂದೂವರೆ ಲಕ್ಷ ಪದ. 2019ರಲ್ಲಿ ಕೈಲಾಶ್ ನಾಧ್ ಅನ್ನುವ ತಂತ್ರಜ್ಞರು ಅದನ್ನು 'ಅಲರ್' ಅನ್ನುವ ಜಾಲತಾಣವಾಗಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ನಮ್ಮ ಬ್ಯಾರಿ ಭಾಷೆಗೆ 2007ರಿಂದ ಅಕಾಡೆಮಿ ಉಂಟು, ಕನ್ನಡ ಲಿಪಿಯಲ್ಲಿ ಪುಸ್ತಕಗಳುಂಟು. ಅಜ್ಜಿ ಹೇಳುವ ಅಡುಗೆಮನೆಯ ಮಾತು, ಮೀನಿನ ಹೆಸರು, ನೆಂಟಸ್ತಿಕೆಯ ಮಾತು ಬರೀ ಐನೂರು ಸಂಗ್ರಹಿಸಿ, ಒತ್ತಿದರೆ ಅಜ್ಜಿಯ ಧ್ವನಿಯಲ್ಲೇ ಕೇಳುವ ಹಾಗೆ ಒಬ್ಬಳು ಹುಡುಗಿ ಒಂದು ಪುಟ ಮಾಡಿದರೆ, ಅವಳ ಪೋರ್ಟ್‌ಫೋಲಿಯೊವೂ ಆಯಿತು, ಘಟ್ಟದ ಮೇಲೆ ಹುಟ್ಟಿದ ನಮ್ಮ ಮಕ್ಕಳಿಗೆ ಭಾಷೆಯೂ ಉಳಿಯಿತು.

ಇಂಥ ಎರಡು, ಹೆಚ್ಚೆಂದರೆ ಮೂರು ಪೂರ್ತಿ ಮುಗಿದ ಕೆಲಸ ಸಾಕು. ಅರ್ಧಕ್ಕೆ ಬಿಟ್ಟ ಹದಿನೈದು ಬೇಡ. ಕೋಡನ್ನು 'ಗಿಟ್‌ಹಬ್'ನಲ್ಲಿ ಇಡಿ, 2008ರಿಂದ ಇರುವ ಜಾಗ, ಖರ್ಚಿಲ್ಲ. ಯಾವ ದಿನ ಎಂತ ಬದಲಾಯಿಸಿದಿರಿ ಅಂತ ಅಲ್ಲಿ ದಾಖಲಾಗುತ್ತದೆ. ವರ್ಷವಿಡೀ ಸ್ವಲ್ಪ ಸ್ವಲ್ಪ ಕಟ್ಟಿದ್ದೂ ಕಾಣುತ್ತದೆ, ಒಂದೇ ರಾತ್ರಿಯಲ್ಲಿ ಎಲ್ಲಿಂದಲೋ ತಂದು ಸುರಿದದ್ದೂ ಕಾಣುತ್ತದೆ. ಜೊತೆಗೆ ಒಂದು ಪುಟ ವಿವರಣೆ: ಯಾರಿಗಾಗಿ ಮಾಡಿದ್ದು, ಅವರ ಕಷ್ಟ ಎಂತ ಇತ್ತು, ಎಲ್ಲಿ ತಪ್ಪಾಯಿತು, ಹೇಗೆ ಸರಿಮಾಡಿದೆ.

ಸುಳ್ಳಿನ ದಾರಿ

ಈಗ ಕೋಡ್ ಬರೆದುಕೊಡುವ ಯಂತ್ರಗಳು ಬಂದಿವೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಕೇಳಿದ ಕೂಡಲೇ ಆ್ಯಪ್ ತಯಾರು. ಹಾಗಾದರೆ ಕಷ್ಟಪಟ್ಟು ಕಲಿಯುವುದು ಯಾಕೆ ಅಂತ ಹುಡುಗರು ಕೇಳುತ್ತಾರೆ. ನನ್ನ ಉತ್ತರ: ಆ ಸಹಾಯ ತಗೊಳ್ಳಿ, ತಪ್ಪಿಲ್ಲ. ಆದರೆ ಬಂದ ಪ್ರತಿ ಸಾಲನ್ನು ನಿಮ್ಮ ಬಾಯಲ್ಲಿ ವಿವರಿಸಲು ಬರಬೇಕು. ಯಾರು ಬೇಕಾದರೂ ಒಂದು ಗಂಟೆಯಲ್ಲಿ ನಕಲು ತೆಗೆಯಬಹುದಾದ ಕಾಲದಲ್ಲಿ ನಕಲಿಗೆ ಬೆಲೆ ಎಲ್ಲಿ? "ಇದನ್ನು ಯಾಕೆ ಹೀಗೆ ಮಾಡಿದ್ರಿ? ಈಗ ನನ್ನೆದುರೇ ಇಲ್ಲಿ ಬಡ್ಡಿಯಿಲ್ಲದ ಕಂತು ಸೇರಿಸಿ ನೋಡುವ" ಅಂತ ಕೇಳಿದಾಗ ನಾಲಿಗೆ ಒಣಗಿದರೆ ಮುಗಿಯಿತು. ಕುರ್‌ಆನ್ ಬಾಯಿಪಾಠ ಮಾಡಿದ ಮಗುವನ್ನು ನಾವು ನಡುವಿನ ಆಯತ್‌ನಿಂದ ಎತ್ತಿ ಕೇಳುತ್ತೇವೆ. ಮನನ ಆಗಿದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ಇನ್ನೊಂದು ಸುಳ್ಳು ಇದಕ್ಕಿಂತ ಅಪಾಯ. ದುಡ್ಡು ಕೊಟ್ಟರೆ ಇಲ್ಲದ ಕಂಪೆನಿಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದಾನೆ ಅಂತ ಕಾಗದ ಮಾಡಿಕೊಡುವವರಿದ್ದಾರೆ. "ಎಲ್ಲರೂ ಹೀಗೇ ಮಾಡೋದು" ಅಂತ ಧೈರ್ಯವನ್ನೂ ಹೇಳುತ್ತಾರೆ. 2022ರಲ್ಲಿ ಅಕ್ಸೆಂಚರ್ ಕಂಪೆನಿ ಭಾರತದಲ್ಲಿ ನಕಲಿ ಕಂಪೆನಿಗಳ ದಾಖಲೆ ಕೊಟ್ಟು ಸೇರಿದ್ದ ನೌಕರರನ್ನು ಪತ್ತೆ ಮಾಡಿ ತೆಗೆದುಹಾಕಿತು. ಒಮ್ಮೆ ಹಾಗೆ ಹೊರಬಿದ್ದವನಿಗೆ ಮುಂದಿನ ಬಾಗಿಲೂ ಮುಚ್ಚುತ್ತದೆ. ಸುಳ್ಳು ಕಾಗದದ ಮೇಲೆ ತಿಂದ ಅನ್ನ ಎಂಥದ್ದು ಅಂತ ಉಸ್ತಾದರು ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸ ಸಿಕ್ಕ ಕೂಡಲೇ ಎಲ್ಲ ಮುಗಿಯಿತು ಅಂತಲೂ ಅಲ್ಲ. 2025ರ ಫೆಬ್ರುವರಿಯಲ್ಲಿ ಮೈಸೂರಿನ ಇನ್ಫೋಸಿಸ್ ತರಬೇತಿ ಕೇಂದ್ರದಲ್ಲಿ ಮೂರು ಬಾರಿ ಪರೀಕ್ಷೆ ಬರೆದೂ ತೇರ್ಗಡೆಯಾಗದ 300ಕ್ಕೂ ಹೆಚ್ಚು ಹೊಸಬರನ್ನು ಮನೆಗೆ ಕಳಿಸಿದರು. ಅವರೆಲ್ಲ ಪದವಿ ಇದ್ದವರು. ಕಾಗದ ಬಾಗಿಲವರೆಗೆ ಬರುತ್ತದೆ, ಒಳಗೆ ಉಳಿಸುವುದು ಕೈಯ ಕೆಲಸ.

ಪಿಯುಸಿ ಮಾತ್ರ ಇದ್ದವರು

"ಉಸ್ತಾದ್, ನಂದು ಪಿಯುಸಿ ಮಾತ್ರ, ಆಗ್ತದಾ?" ಇದಕ್ಕೆ ಸತ್ಯ ಹೇಳಬೇಕು. ಪದವಿ ಇಲ್ಲದಿದ್ದರೆ ಹೆಚ್ಚಿನ ದೊಡ್ಡ ಕಂಪೆನಿಗಳ ಅರ್ಜಿಯೇ ಮುಂದೆ ಹೋಗುವುದಿಲ್ಲ. ಪೋರ್ಟ್‌ಫೋಲಿಯೊ ಎಷ್ಟೇ ಚೆನ್ನಾಗಿರಲಿ, ನೋಡುವ ಮೊದಲೇ ಪಕ್ಕಕ್ಕಿಡುತ್ತಾರೆ. ಆದರೆ ದಾರಿಗಳಿವೆ. ಚೆನ್ನೈಯ ಜೋಹೊ ಕಂಪೆನಿ ಇಪ್ಪತ್ತು ವರ್ಷಗಳಿಂದ ಪ್ಲಸ್‌ಟು ಮತ್ತು ಡಿಪ್ಲೊಮಾ ಮುಗಿಸಿದವರನ್ನು ಸ್ಟೈಪೆಂಡ್ ಕೊಟ್ಟು ತನ್ನದೇ ಶಾಲೆಯಲ್ಲಿ ತರಬೇತಿ ಮಾಡಿ ಕೆಲಸಕ್ಕೆ ತಗೊಳ್ಳುತ್ತಿದೆ. ಎಚ್‌ಸಿಎಲ್‌ನ 'ಟೆಕ್‌ಬೀ' ಕಾರ್ಯಕ್ರಮ ಪಿಯುಸಿಯಾದವರಿಗೆ. ನಿಯಮಗಳು ಬದಲಾಗುತ್ತಿರುತ್ತವೆ, ಮಧ್ಯವರ್ತಿಯನ್ನು ಕೇಳಬೇಡಿ, ಆಯಾ ಕಂಪೆನಿಯ ಜಾಲತಾಣದಲ್ಲೇ ನೋಡಿ. ಕೆಲಸ ಬಿಡಲಾಗದವರು ಇಗ್ನೋದ ದೂರಶಿಕ್ಷಣದಲ್ಲಿ ಬಿಸಿಎಗೆ ಸೇರಬಹುದು. ಓದು ಒಂದು ಕಡೆ, ಪ್ರಾಜೆಕ್ಟ್ ಒಂದು ಕಡೆ, ಎರಡೂ ಒಟ್ಟಿಗೆ ನಡೆದರೆ ಪದವಿ ಕೈಗೆ ಬರುವ ಹೊತ್ತಿಗೆ ತೋರಿಸಲು ಕೆಲಸವೂ ಇರುತ್ತದೆ. ಸಣ್ಣ ಕಂಪೆನಿಗಳು, ಊರಿನ ವ್ಯಾಪಾರಿಗಳು ಕೊಡುವ ಬಿಡಿ ಕೆಲಸಗಳಲ್ಲಿ ಪದವಿಯ ಪ್ರಶ್ನೆ ಅಷ್ಟಾಗಿ ಬರುವುದಿಲ್ಲ. ಮೊದಲ ಗಿರಾಕಿ ಅಲ್ಲೇ ಸಿಗುವುದು.

ಹೆಣ್ಣುಮಕ್ಕಳ ಮಾತನ್ನು ಬೇರೆಯಾಗಿ ಹೇಳಬೇಕು. ಬಿಸಿಎ, ಬಿಇ 'ಫಸ್ಟ್ ಕ್ಲಾಸ್' ಆಗಿ, ಮದುವೆಯಾಗಿ, ಎರಡು ಮಕ್ಕಳಾದ ಮೇಲೆ ಸರ್ಟಿಫಿಕೇಟನ್ನು ಕಪಾಟಿನಲ್ಲಿಟ್ಟು ಕೂತ ಹೆಣ್ಣುಮಕ್ಕಳು ನಮ್ಮಲ್ಲಿ ಕಡಿಮೆಯೇನಲ್ಲ. ಐದು ವರ್ಷದ ಬಿಡುವನ್ನು ಕಂಪೆನಿಯವರು ಸಂಶಯದಿಂದ ನೋಡುತ್ತಾರೆ. ಆ ಸಂಶಯಕ್ಕೆ ಉತ್ತರ ಹೊಸ ಕೆಲಸ ಮಾಡಿ ತೋರಿಸುವುದೇ. ನಮ್ಮ ಉಮ್ಮಂದಿರು ಮನೆಯ ಚಾವಡಿಯಲ್ಲೇ ಕೂತು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಮನೆಯಲ್ಲಿ ಕೂತು ಮಾಡುವ ದುಡಿಮೆಗೂ ಹೊತ್ತು ಬೇಕು, ಮರ್ಯಾದೆ ಬೇಕು ಅನ್ನುವುದು ನಮಗೆ ಗೊತ್ತಿರುವ ವಿಷಯ. ಮೊಮ್ಮಗಳು ಅದೇ ಚಾವಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ "ಎಂತ ಯಾವಾಗ ನೋಡಿದ್ರೂ ಅದರ ಮುಂದೆ" ಅನ್ನಬೇಡಿ. ಎರಡು ಗಂಟೆ ಮಗುವನ್ನು ಎತ್ತಿಕೊಳ್ಳಿ.

ಮನೆಯವರು, ಜಮಾಅತ್‌ನವರು

ಕೊನೆಗೆ, ಖರ್ಚಿನ ವಿಷಯ. ಮಗನಿಗೆ ಮೊದಲು ಕೊಡಬೇಕಾದದ್ದು ಹೊತ್ತು. ದಿನಕ್ಕೆ ಎರಡು ಗಂಟೆ, ಯಾರೂ ಕರೆಯದ ಎರಡು ಗಂಟೆ. ವರ್ಷಕ್ಕೆ 730 ಗಂಟೆ ಆಗುತ್ತದೆ. ಸುಬಹ್ ನಮಾಜ್ ಆದ ಮೇಲಿನ ಹೊತ್ತು ಇದಕ್ಕೆ ಬಹಳ ಒಳ್ಳೆಯದು, ಅಂಗಡಿ ತೆರೆಯುವವರೆಗೆ ಮನೆ ಶಾಂತ. ಆಮೇಲೆ ಒಂದು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್. ಎಂಟು ಜಿಬಿ ರ್‍ಯಾಮ್ ಇದ್ದರೆ ಕಲಿಯಲು ಸಾಕು, ಹೊಸದೇ ಬೇಕೆಂದಿಲ್ಲ. ಅದೂ ಇಲ್ಲದವರು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗಿನ ಅರಿವು ಕೇಂದ್ರಕ್ಕೆ ಹೋಗಿ ವಿಚಾರಿಸಿ, ಹಲವು ಕಡೆ ಕಂಪ್ಯೂಟರ್, ಇಂಟರ್‌ನೆಟ್ ಇಟ್ಟಿದ್ದಾರೆ. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸವಿಲ್ಲದ ಅರ್ಹರಿಗೆ ರಾಜ್ಯ ಸರ್ಕಾರದ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ಉಂಟು. ಕಲಿಯುವ ಕಾಲದ ನೆಟ್ ಖರ್ಚಿಗೆ ಅದು ಸಾಕು.

ಕೋರ್ಸ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಒಬ್ಬನೇ ಕೂತು ಕಲಿಯಲು ಎಲ್ಲರಿಗೂ ಆಗುವುದಿಲ್ಲ, ಒಳ್ಳೆಯ ಗುರು ಸಿಕ್ಕರೆ ಅರ್ಧ ದಾರಿ ಕಡಿಮೆಯಾಗುತ್ತದೆ. ಆದರೆ ಮೂರು ತಿಂಗಳು ಉಚಿತ ಪಾಠದಲ್ಲಿ ಕಲಿತು ಒಂದು ಚಿಕ್ಕ ಕೆಲಸ ಮಾಡಿ ತೋರಿಸಿದ ಮೇಲೆ ಕೋರ್ಸ್‌ನ ಮಾತು. ಮೂರು ತಿಂಗಳಲ್ಲಿ ಅವನಿಗೆ ಇದು ಇಷ್ಟವೋ ಅಲ್ಲವೋ ಅಂತ ಅವನಿಗೂ ಗೊತ್ತಾಗುತ್ತದೆ, ನಿಮಗೂ ಗೊತ್ತಾಗುತ್ತದೆ. ಇಷ್ಟವಿಲ್ಲ ಅಂತ ಗೊತ್ತಾದರೆ ಬಳೆ ಉಳಿಯಿತು, ಹುಡುಗನಿಗೆ ಇನ್ನೊಂದು ದಾರಿ ಹುಡುಕಲು ಕಾಲವೂ ಉಳಿಯಿತು. ಆಮೇಲೆ ಕೋರ್ಸ್‌ಗೆ ಸೇರಿಸುವುದಾದರೂ, ಅಲ್ಲಿ ಕಲಿತು ಹೋದ ನಾಲ್ಕು ಜನರ ಹೆಸರು ಕೇಳಿ, ಅವರು ಕಟ್ಟಿದ್ದನ್ನು ತೋರಿಸಲು ಹೇಳಿ. ತೋರಿಸಲು ಏನೂ ಇಲ್ಲದವರಿಗೆ ದುಡ್ಡು ಕೊಡಬೇಡಿ.

ನಮ್ಮ ಜಮಾಅತ್ ಕಮಿಟಿಗಳಲ್ಲಿ ಒಂದು ಅರಿಕೆ. ಬೆಳಿಗ್ಗೆ ಮದ್ರಸ ಬಿಟ್ಟ ಮೇಲೆ ಆ ಕೋಣೆಗಳು ದಿನವಿಡೀ ಖಾಲಿ. ಒಂದು ಕೋಣೆಗೆ ಮೂರು ಕಂಪ್ಯೂಟರ್, ಒಂದು ನೆಟ್ ಸಂಪರ್ಕ ಹಾಕಿಸಿ, ಸಂಜೆ ಹೊತ್ತು ತೆರೆದಿಡಿ. ಈಗಾಗಲೇ ಮಂಗಳೂರು, ಬೆಂಗಳೂರು, ದುಬೈಗಳಲ್ಲಿ ಈ ಕೆಲಸದಲ್ಲಿರುವ ನಮ್ಮ ಊರಿನ ಮಕ್ಕಳು ವಾರಕ್ಕೊಂದು ಗಂಟೆ ವಿಡಿಯೊ ಕರೆಯಲ್ಲಿ ಬಂದು, ಕಲಿಯುವವರ ಕೋಡ್ ನೋಡಿ ತಪ್ಪು ತಿದ್ದಲಿ. ಊರಿಗೆ ಬಂದಾಗ ಹಾರ ಹಾಕಿಸಿಕೊಳ್ಳುವುದಕ್ಕಿಂತ ಅದು ಹೆಚ್ಚಿನ ಉಪಕಾರ. ಮತ್ತೆ, ಅಂಗಡಿ, ಹೋಟೆಲು, ಮರದ ಮಿಲ್ಲು ನಡೆಸುವ ಹಿರಿಯರೇ, ನಿಮ್ಮ ಉದ್ರಿ ಪುಸ್ತಕ, ಸ್ಟಾಕ್ ಪಟ್ಟಿ, ಕೂಲಿ ಲೆಕ್ಕದ ಕಷ್ಟವನ್ನು ಇಂಥ ಒಬ್ಬ ಹುಡುಗನ ಮುಂದೆ, ಒಬ್ಬ ಹುಡುಗಿಯ ಮುಂದೆ ಇಡಿ. ಮೊದಲ ಸಲ ಅವರು ಮಾಡಿದ್ದು ಸರಿಯಾಗಿ ಓಡಲಿಕ್ಕಿಲ್ಲ. ಬೈಯಬೇಡಿ, ಎಲ್ಲಿ ಓಡಲಿಲ್ಲ ಅಂತ ಹೇಳಿ. ಒಂದು ತಿಂಗಳು ಹಳೆಯ ಪುಸ್ತಕವೂ ಇರಲಿ, ಅವರು ಮಾಡಿದ್ದೂ ಇರಲಿ. ಎರಡರ ಲೆಕ್ಕ ತಾಳೆಯಾದ ದಿನ, ನಾಲ್ಕು ಸಾಲು ಬರೆದು ನಿಮ್ಮ ಅಂಗಡಿಯ ಮೊಹರು ಹಾಕಿ ಕೊಡಿ. ಅವರ ಪೋರ್ಟ್‌ಫೋಲಿಯೊದ ಮೊದಲ ಪುಟಕ್ಕೆ ಅದಕ್ಕಿಂತ ಒಳ್ಳೆಯ ಕಾಗದ ಬೇರೆ ಯಾರೂ ಕೊಡಲಾರರು.